ನೂರಕ್ಕೆ ನೂರ ನಲವತ್ತನಾಲ್ಕು: ಭಾರತ–ಪಾಕಿಸ್ತಾನ ರೂಪಾಯಿಗಳ ಜಗಳ, 1949–1955

ಹಳೆಯ ವಿನಿಮಯ ದರಗಳ ಪಟ್ಟಿಯಲ್ಲಿ ಭಾರತ–ಪಾಕಿಸ್ತಾನದ ಸಾಲು ಹುಡುಕಿದರೆ ಮೊದಲು ಸಿಗುವುದು 100ಕ್ಕೆ 100. 1949ರ ಸೆಪ್ಟೆಂಬರ್ ದಾಟಿದ ಮೇಲೆ 100 ಪಾಕಿಸ್ತಾನಿ ರೂಪಾಯಿಗೆ 144 ಭಾರತೀಯ ರೂಪಾಯಿ. 1955ರ ಆಗಸ್ಟಿನಿಂದ ಮತ್ತೆ 100ಕ್ಕೆ 100. ಮೂರು ಅಂಕಿ, ಎರಡು ತಾರೀಕು, ಅಷ್ಟೇ. ಪಟ್ಟಿ ಹೇಳದ ಸಂಗತಿಯೊಂದಿದೆ: 144 ಎಂದು ಬರೆದಿರುವ ಅವಧಿಯ ಮೊದಲ ಹದಿನೇಳು ತಿಂಗಳು ಭಾರತ ಸರ್ಕಾರ ಆ ದರವನ್ನು ಒಪ್ಪಿಯೇ ಇರಲಿಲ್ಲ. ಆ ದರದಲ್ಲಿ ಕಲ್ಕತ್ತೆಯ ಬ್ಯಾಂಕುಗಳು ಆಗ ಪಾಕಿಸ್ತಾನದಲ್ಲಿದ್ದ ಢಾಕಾಕ್ಕೆ ಹಣ ಕಳಿಸುವಂತಿರಲಿಲ್ಲ. ಪಟ್ಟಿಯಲ್ಲಿರುವುದು ಪಾಕಿಸ್ತಾನದ ಆಗಿನ ರಾಜಧಾನಿ ಕರಾಚಿ ಹೇಳಿದ ಬೆಲೆ, ವ್ಯಾಪಾರ ಕುದುರಿದ ಬೆಲೆಯಲ್ಲ. ಹಳೆಯ ದರಗಳನ್ನು ಇಟ್ಟುಕೊಂಡು ಲೆಕ್ಕ ಹಾಕುವವರು ಈ ಎರಡನ್ನೂ ಒಂದೇ ಎಂದುಕೊಂಡು ಮೋಸಹೋಗುತ್ತಾರೆ. ಹಾಗಾಗಿ ಈ ಒಂದು ಸಾಲನ್ನು ಬಿಡಿಸಿ ನೋಡುವುದು ಒಳ್ಳೆಯದು.

ಒಂದೇ ನೋಟು, ಎರಡು ಸರ್ಕಾರ

1947ರ ಆಗಸ್ಟಿನಲ್ಲಿ ದೇಶ ಎರಡಾಯಿತು, ದುಡ್ಡು ಎರಡಾಗಲಿಲ್ಲ. ಹೊಸ ದೇಶಕ್ಕೆ ಕೇಂದ್ರ ಬ್ಯಾಂಕೂ ಇರಲಿಲ್ಲ, ನೋಟು ಅಚ್ಚುಹಾಕುವ ಮುದ್ರಣಾಲಯವೂ ಇರಲಿಲ್ಲ. ರಿಸರ್ವ್ ಬ್ಯಾಂಕ್ ಆಫ್ ಇಂಡಿಯಾವೇ ಕೆಲಕಾಲ ಎರಡೂ ಸರ್ಕಾರಗಳ ಬ್ಯಾಂಕಾಗಿ ಕೆಲಸ ಮಾಡಿತು. 1948ರ ಏಪ್ರಿಲ್‌ನಿಂದ ಪಾಕಿಸ್ತಾನದಲ್ಲಿ ಚಲಾವಣೆಗೆ ಬಂದ ನೋಟುಗಳನ್ನು ನಾಣ್ಯ ಸಂಗ್ರಹಕಾರರು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ಆರನೆಯ ಜಾರ್ಜ್ ದೊರೆಯ ಮುಖವಿರುವ ಭಾರತದ್ದೇ ನೋಟು ಅದು. ಅದರ ಮೇಲೆ ಇಂಗ್ಲಿಷಿನಲ್ಲಿ 'ಗವರ್ನಮೆಂಟ್ ಆಫ್ ಪಾಕಿಸ್ತಾನ್' ಎಂದೂ ಉರ್ದುವಿನಲ್ಲಿ 'ಹುಕೂಮತ್-ಎ-ಪಾಕಿಸ್ತಾನ್' ಎಂದೂ ಹೆಚ್ಚುವರಿಯಾಗಿ ಅಚ್ಚೊತ್ತಿದೆ. ಕೆಳಗೆ ಸಿ. ಡಿ. ದೇಶಮುಖರ ಸಹಿ. ಭಾರತದ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಹಾಕಿದ ಪಾಕಿಸ್ತಾನದ ಹಣ! ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1948ರ ಜುಲೈ 1ಕ್ಕೆ ಕರಾಚಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ್ ಶುರುವಾಯಿತು. ಜಿನ್ನಾ ಅವರೇ ಉದ್ಘಾಟಿಸಿದರು. ಆಗಿನಿಂದ ಕಾನೂನಿನ ಪ್ರಕಾರ ರೂಪಾಯಿ ಎರಡು. ಆದರೆ ಎರಡಕ್ಕೂ ಪೌಂಡಿನ ಜೊತೆ ಇದ್ದ ಗಂಟು ಒಂದೇ: ರೂಪಾಯಿಗೆ 1 ಶಿಲ್ಲಿಂಗ್ 6 ಪೆನ್ನಿ, ಅಂದರೆ ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಹಾಗಾಗಿ ಒಂದು ಭಾರತೀಯ ರೂಪಾಯಿಗೆ ಒಂದು ಪಾಕಿಸ್ತಾನಿ ರೂಪಾಯಿ. ಅದನ್ನು ಯಾರೂ ಕುಳಿತು ಲೆಕ್ಕ ಹಾಕಿರಲಿಲ್ಲ, ಹಾಕುವ ಅಗತ್ಯವೂ ಬಿದ್ದಿರಲಿಲ್ಲ.

ಎರಡು ಬಗೆಯ ರೂಪಾಯಿ ಅಕ್ಕಪಕ್ಕದಲ್ಲಿ ಓಡಾಡುವುದು ನಮ್ಮ ಕಡೆಯವರಿಗೆ ಹೊಸತೇನಲ್ಲ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ, ರಾಯಚೂರಿನ ಕಡೆ ಹೈದರಾಬಾದಿನ ಸಿಕ್ಕಾ ರೂಪಾಯಿ ನಡೆಯುತ್ತಿತ್ತು. ಗಡಿ ದಾಟಿ ಸೊಲ್ಲಾಪುರಕ್ಕೋ ವಿಜಯಪುರಕ್ಕೋ ಹೋದರೆ ಬ್ರಿಟಿಷ್ ರೂಪಾಯಿ. ಏಳು ಸಿಕ್ಕಾ ಕೊಟ್ಟರೆ ಆರು ರೂಪಾಯಿ. ಸಂತೆಗೆ ಹೋಗುವವರಿಗೂ ಅದು ಬಾಯಿಪಾಠವಾಗಿತ್ತು. ದರ ಬೇರೆಯಾದ ಮಾತ್ರಕ್ಕೆ ವ್ಯಾಪಾರ ನಿಲ್ಲಬೇಕಿಲ್ಲ. ಬಂಗಾಳದಲ್ಲಿ ನಿಂತದ್ದಕ್ಕೆ ಕಾರಣ ಬೇರೆ.

ಒಂದು ಭಾನುವಾರದ ಸಂಜೆ

1949ರ ಸೆಪ್ಟೆಂಬರ್ 18, ಭಾನುವಾರ. ಬ್ರಿಟನ್ನಿನ ಹಣಕಾಸು ಮಂತ್ರಿ ಸ್ಟ್ಯಾಫರ್ಡ್ ಕ್ರಿಪ್ಸ್ ರೇಡಿಯೋದಲ್ಲಿ ಮಾತಾಡಿ, ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80 ಡಾಲರಿಗೆ ಇಳಿಸಿದ್ದೇವೆ ಎಂದರು. ಅಲ್ಲಿಯವರೆಗೂ ಇಳಿಸುವ ಪ್ರಶ್ನೆಯೇ ಇಲ್ಲ ಎಂದು ಹೇಳುತ್ತಾ ಬಂದವರೂ ಅವರೇ. ಕೇಂದ್ರ ಬ್ಯಾಂಕುಗಳ ವಹಿವಾಟೇ ಹಾಗೆ. ನಾಳೆ ಇಳಿಸುತ್ತೇವೆ ಎಂದು ಇವತ್ತು ಬಾಯಿಬಿಟ್ಟರೆ ರಾತ್ರಿ ಬೆಳಗಾಗುವುದರಲ್ಲಿ ಖಜಾನೆ ಬರಿದಾಗುತ್ತದೆ.

ಸ್ಟರ್ಲಿಂಗ್ ವಲಯದ, ಅಂದರೆ ತಮ್ಮ ಹಣವನ್ನು ಪೌಂಡಿಗೆ ಕಟ್ಟಿಕೊಂಡಿದ್ದ ದೇಶಗಳಿಗೆ ಯೋಚಿಸಲು ಸಿಕ್ಕಿದ್ದು ಗಂಟೆಗಳ ಲೆಕ್ಕದ ಸಮಯ. ಭಾರತ ಹೆಚ್ಚು ತಡ ಮಾಡಲಿಲ್ಲ. ಚಹಾ, ಸೆಣಬಿನ ಬಟ್ಟೆ, ಹತ್ತಿ ಬಟ್ಟೆ ಬಹುಪಾಲು ಮಾರಾಟವಾಗುತ್ತಿದ್ದುದು ಪೌಂಡಿನ ಲೋಕದಲ್ಲಿ. ಡಾಲರಿಗಂತೂ ಬರಗಾಲ. ಪೌಂಡ್ ಇಳಿದು ರೂಪಾಯಿ ನಿಂತಲ್ಲೇ ನಿಂತಿದ್ದರೆ ನಮ್ಮ ಸರಕು ಲಂಡನ್ನಿನಲ್ಲಿ ದುಬಾರಿಯಾಗುತ್ತಿತ್ತು. ಜಾನ್ ಮಥಾಯಿ ಹಣಕಾಸು ಮಂತ್ರಿ. ರಿಸರ್ವ್ ಬ್ಯಾಂಕಿಗೆ ಗವರ್ನರ್ ಆಗಿ ಆಗಷ್ಟೇ ಜುಲೈನಲ್ಲಿ ಬಂದು ಕೂತಿದ್ದವರು ಬೆನಗಲ್ ರಾಮರಾವ್, ಮಂಗಳೂರು ಮೂಲದ ಸಾರಸ್ವತ ಮನೆತನದವರು. ಪೌಂಡಿನ ಜೊತೆಗಿನ 1 ಶಿಲ್ಲಿಂಗ್ 6 ಪೆನ್ನಿಯ ಗಂಟು ಹಾಗೆಯೇ ಉಳಿಯಿತು, ಡಾಲರಿನ ಎದುರು ರೂಪಾಯಿ ಪೌಂಡಿನಷ್ಟೇ ಇಳಿಯಿತು: ಸುಮಾರು 30 ಸೆಂಟಿನಿಂದ 21 ಸೆಂಟಿಗೆ. ಡಾಲರಿಗೆ 3.31 ರೂಪಾಯಿಯಷ್ಟಿದ್ದದ್ದು 4.76 ಆಯಿತು.

ಪಾಕಿಸ್ತಾನವೂ ಇಳಿಸುತ್ತದೆ ಎಂದೇ ದೆಹಲಿ ನಂಬಿತ್ತು. ಕರಾಚಿ ಇಳಿಸಲಿಲ್ಲ. ಸ್ಟರ್ಲಿಂಗ್ ವಲಯದಲ್ಲಿ ಹೀಗೆ ಒಂಟಿಯಾಗಿ ನಿಂತ ದೇಶ ಅದೊಂದೇ. ಡಾಲರಿನ ಎದುರು ಅದರ ರೂಪಾಯಿ 30 ಸೆಂಟಿನಲ್ಲೇ ಉಳಿಯಿತು. 30.225ನ್ನು 21ರಿಂದ ಭಾಗಿಸಿದರೆ 1.44. ಪಟ್ಟಿಯ ಅಂಕಿ ಹುಟ್ಟಿದ್ದು ಹೀಗೆ. ಇಬ್ಬರೂ ಕೂತು ಮಾತಾಡಿ ಹೇಳಿದ ಬೆಲೆಯಲ್ಲ ಅದು; ಇಬ್ಬರೂ ಬೇರೆಬೇರೆಯಾಗಿ ಡಾಲರಿನ ಮುಖ ನೋಡಿದ್ದರ ಫಲ.

ಪಾಕಿಸ್ತಾನದ ಪ್ರಧಾನಿ ಲಿಯಾಖತ್ ಅಲಿ ಖಾನ್, ಹಣಕಾಸು ಮಂತ್ರಿ ಗುಲಾಮ್ ಮುಹಮ್ಮದ್. ಅವರ ವಾದವನ್ನು ಹುಂಬತನ ಎಂದು ತಳ್ಳಿಹಾಕುವಂತಿಲ್ಲ. ಅವರು ಮಾರುತ್ತಿದ್ದದ್ದು ಸೆಣಬು ಮತ್ತು ಹತ್ತಿ. ಸೆಣಬಿಗೆ ಜಗತ್ತಿನಲ್ಲಿ ಸರಿಸಾಟಿಯಾದ ಬದಲಿ ನಾರಿರಲಿಲ್ಲ. ಬೆಲೆ ಇಳಿಸಿದರೆ ಕೊಳ್ಳುವವರು ಹೆಚ್ಚು ಕೊಳ್ಳುತ್ತಾರೆ ಎಂಬ ಭರವಸೆಯಿಲ್ಲ, ಬೆಳೆಯುವವರು ಆ ವರ್ಷ ಹೆಚ್ಚು ಬೆಳೆಯುವಂತೆಯೂ ಇಲ್ಲ. ಇತ್ತ ಕಾರ್ಖಾನೆಗೆ ಯಂತ್ರ, ಸೈನ್ಯಕ್ಕೆ ಸಾಮಗ್ರಿ ಎಲ್ಲ ಹೊರಗಿನಿಂದಲೇ ಬರಬೇಕು. ರೂಪಾಯಿ ಗಟ್ಟಿಯಾಗಿದ್ದಷ್ಟೂ ಅವು ಅಗ್ಗ. ಬ್ರಿಟನ್ನಿನ ಸರಕಂತೂ ನೂರಕ್ಕೆ ಮೂವತ್ತರಷ್ಟು ಸೋವಿಯಾಯಿತು: ಪೌಂಡಿಗೆ 13 ರೂಪಾಯಿ ಚಿಲ್ಲರೆ ಕೊಡುತ್ತಿದ್ದವರು ಈಗ 9 ರೂಪಾಯಿ 4 ಆಣೆ ಕೊಟ್ಟರೆ ಸಾಕು. ಇದರ ಜೊತೆಗೆ ಬರಹದಲ್ಲಿ ಯಾರೂ ಹೇಳದ ಕಾರಣವೊಂದು ಇತ್ತೆಂದು ನನ್ನ ಅನಿಸಿಕೆ. ದೆಹಲಿ ಮಾಡಿದ್ದನ್ನೇ ಮರುದಿನ ಕರಾಚಿಯೂ ಮಾಡಬೇಕಾದರೆ ಬೇರೆ ದೇಶ, ಬೇರೆ ನೋಟು ಏತಕ್ಕೆ?

ಸೆಣಬು ಒಂದು ಕಡೆ, ಮಿಲ್ಲು ಇನ್ನೊಂದು ಕಡೆ

ಜಗಳ ಇಷ್ಟು ಕಾವೇರಲು ಕಾರಣ ಭೂಪಟದಲ್ಲಿದೆ. ಒಳ್ಳೆಯ ಸೆಣಬು ಬೆಳೆಯುವ ಮೈಮನ್‌ಸಿಂಗ್, ಢಾಕಾ, ಫರೀದ್‌ಪುರ, ರಂಗಪುರ ಎಲ್ಲ ಪಾಕಿಸ್ತಾನದ ಪಾಲಾದ ಪೂರ್ವ ಬಂಗಾಳಕ್ಕೆ (ಈಗಿನ ಬಾಂಗ್ಲಾದೇಶ) ಹೋದವು. ಅದನ್ನು ನೂತು ನೇಯುವ ಮಿಲ್ಲುಗಳು ಕಲ್ಕತ್ತೆಯ ಮೇಲೆ ಕೆಳಗೆ ಹೂಗ್ಲಿ ನದಿಯ ಎರಡೂ ದಂಡೆಯಲ್ಲಿ ಸಾಲಾಗಿ ನಿಂತು ಭಾರತಕ್ಕೆ ಉಳಿದವು. ವಿಭಜನೆಯ ದಿನ ಪೂರ್ವ ಬಂಗಾಳದಲ್ಲಿ ಒಂದೂ ಸೆಣಬಿನ ಮಿಲ್ಲಿರಲಿಲ್ಲ. ಆ ವರ್ಷಗಳಲ್ಲಿ ಪಾಕಿಸ್ತಾನದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತಕ್ಕೇ ಬರುತ್ತಿತ್ತು.

ಸೆಪ್ಟೆಂಬರ್ ಎಂದರೆ ಸೆಣಬಿನ ಸುಗ್ಗಿ. ಮಳೆಗಾಲದಲ್ಲಿ ಗಿಡ ಕೊಯ್ದು, ಹೊರೆ ಕಟ್ಟಿ ನೀರಿನಲ್ಲಿ ಕೊಳೆಹಾಕಿ, ಸೊಂಟದುದ್ದ ನೀರಿನಲ್ಲಿ ನಿಂತು ನಾರು ಬಿಡಿಸಿ, ತೊಳೆದು, ಬಿದಿರ ಗಳುವಿನ ಮೇಲೆ ಒಣಗಿಸಿದ ಸೆಣಬು ಹಾಟಿಗೆ, ಅಂದರೆ ಸಂತೆಗೆ ಬರುವ ಹೊತ್ತು. ಹಳ್ಳಿಯಲ್ಲಿ ಅದನ್ನು ಕೊಳ್ಳುವವನು ಸಣ್ಣ ವ್ಯಾಪಾರಿ ಫರಿಯಾ. ಅವನಿಂದ ಅವನಿಗಿಂತ ದೊಡ್ಡ ವ್ಯಾಪಾರಿಯಾದ ಬೇಪಾರಿಗೆ, ಬೇಪಾರಿಯಿಂದ ನಾರಾಯಣಗಂಜಿನ ದೊಡ್ಡ ಮಂಡಿಗಳಿಗೆ, ಅಲ್ಲಿಂದ ದೋಣಿಯಲ್ಲೋ ರೈಲಿನಲ್ಲೋ ಕಲ್ಕತ್ತೆಗೆ. ಹಣ ಇದೇ ಹಾದಿಯಲ್ಲಿ ಹಿಂದಕ್ಕೆ ಬರುತ್ತಿತ್ತು. ಮಾರವಾಡಿ ಸಾಹುಕಾರರು, ಕಲ್ಕತ್ತೆಯ ಬ್ಯಾಂಕುಗಳು ಮುಂಗಡ ಕೊಟ್ಟರೆ ಮಾತ್ರ ಕೆಳಗಿನ ಫರಿಯಾನ ಕೈಯಲ್ಲಿ ಕಾಸು.

ಈಗ ಲೆಕ್ಕ ನೋಡಿ. ಉದಾಹರಣೆಗೆ ಮಣಕ್ಕೆ 25 ಪಾಕಿಸ್ತಾನಿ ರೂಪಾಯಿ ಎಂದಿಟ್ಟುಕೊಳ್ಳೋಣ. ಬಂಗಾಳದ ಮಣ ನಮ್ಮ ಕಡೆಯ ಮಣವಲ್ಲ, 37 ಕಿಲೋ ಮೀರುತ್ತದೆ. ನೂರು ಮಣಕ್ಕೆ 2,500 ರೂಪಾಯಿ. ಆಗಸ್ಟಿನಲ್ಲಿ ಹೂಗ್ಲಿಯ ಮಿಲ್ಲು ಇದಕ್ಕೆ ಕೊಡಬೇಕಿದ್ದದ್ದು 2,500 ಭಾರತೀಯ ರೂಪಾಯಿ. ಅಕ್ಟೋಬರಿನಲ್ಲಿ 3,600. ಲಂಡನ್ನಿನವನಿಗೆ 187 ಪೌಂಡ್ ಚಿಲ್ಲರೆ ಇದ್ದದ್ದು 270 ಪೌಂಡ್. ಅಮೆರಿಕದವನಿಗೆ ಆಗಲೂ 755 ಡಾಲರ್, ಈಗಲೂ ಅಷ್ಟೇ.

ಭಾರತದ ಕೂಗು ಎಲ್ಲಾ ಆ 1,100 ರೂಪಾಯಿಯ ಮೇಲೆ. ಆದರೆ ಲೆಕ್ಕದ ಇನ್ನೊಂದು ತುದಿಯನ್ನು ಆಗ ಗದ್ದಲದಲ್ಲಿ ಯಾರೂ ಗಟ್ಟಿಯಾಗಿ ಹೇಳಿದಂತಿಲ್ಲ. ಅದೇ ಮಿಲ್ಲು ನ್ಯೂಯಾರ್ಕಿಗೆ ಮಾರುವ ಗೋಣಿ ಬಟ್ಟೆಗೆ ಹಳೆಯ ಡಾಲರ್ ಬೆಲೆಯೇ ಸಿಕ್ಕಿದರೂ ರೂಪಾಯಿ ಲೆಕ್ಕದಲ್ಲಿ ನೂರಕ್ಕೆ 44 ಹೆಚ್ಚು ಬರುತ್ತದೆ. ಸೆಣಬಿಗೂ 44 ಹೆಚ್ಚು ಕೊಟ್ಟರೆ ಅಲ್ಲಿಂದಲ್ಲಿಗೆ ಸರಿ. ಕೂಲಿ, ಕಲ್ಲಿದ್ದಲು ಏರಿಲ್ಲವಾದ್ದರಿಂದ ಲಾಭ ತುಸು ಜಾಸ್ತಿಯೇ. ಮಾರಿದ್ದೆಲ್ಲ ಅಮೆರಿಕಕ್ಕೇ ಹೋಗುತ್ತಿರಲಿಲ್ಲ, ಪೌಂಡಿನ ದೇಶಗಳಿಗೆ ಮಾರಿದರೆ ಈ ಲೆಕ್ಕ ಕೂಡಿಬರುವುದಿಲ್ಲ, ನಿಜ. ಆದರೂ ಹೊಸ ದರ ಒಪ್ಪಿದರೆ ಉದ್ಯಮವೇ ಮುಳುಗುತ್ತದೆ ಎಂಬ ಮಾತು ಉತ್ಪ್ರೇಕ್ಷೆ. ಭಾರತ ಕಳೆದುಕೊಳ್ಳುತ್ತಿದ್ದದ್ದು ಅಪಮೌಲ್ಯದಿಂದ ಸಿಗಬಹುದಾಗಿದ್ದ ಲಾಭವನ್ನು, ಕೈಯಲ್ಲಿದ್ದ ಗಂಟನ್ನಲ್ಲ.

ಹದಿನೇಳು ತಿಂಗಳು

ಭಾರತ ಹೊಸ ದರವನ್ನು ಗುರುತಿಸಲು ಒಪ್ಪಲಿಲ್ಲ. ರಿಸರ್ವ್ ಬ್ಯಾಂಕ್ ಪಾಕಿಸ್ತಾನಿ ರೂಪಾಯಿಗೆ ದರ ಹೇಳಲಿಲ್ಲ. ಹಣ ಅತ್ತಿತ್ತ ಹೋಗುವ ಅಧಿಕೃತ ದಾರಿ ಮುಚ್ಚಿತು. ಕಲ್ಕತ್ತೆಯ ಮಿಲ್ಲುಗಳು ಆ ಬೆಲೆಗೆ ಕೊಳ್ಳುವುದಿಲ್ಲ ಎಂದು ಕೈಕಟ್ಟಿ ಕೂತವು, ಕೆಲಸದ ಗಂಟೆ ಇಳಿಸಿದವು. ಪೂರ್ವ ಬಂಗಾಳದಲ್ಲಿ ಬೆಲೆ ಬಿದ್ದರೆ ಅವರೇ ದಾರಿಗೆ ಬರುತ್ತಾರೆ ಎಂಬ ಲೆಕ್ಕಾಚಾರ. ಬೆಲೆ ಬಿತ್ತು ಕೂಡ. ಹಾಟಿನಲ್ಲಿ ಸೆಣಬು ಇದೆ, ಕೊಳ್ಳಲು ಕಾಸಿಲ್ಲ. ಡಾಲರನ್ನು ಕಣ್ಣಲ್ಲೂ ಕಾಣದ ರೈತನ ಸುಗ್ಗಿ ಡಾಲರ್ ದರದ ಜಗಳದಲ್ಲಿ ಸಿಕ್ಕಿಕೊಂಡಿತು.

ಕರಾಚಿ ಇದಕ್ಕೆ ಕೊಟ್ಟ ಉತ್ತರ ಚುರುಕಾಗಿತ್ತು. ಸೆಣಬು ಮಂಡಳಿ ರಚಿಸಿ, ಗುಲಾಮ್ ಫಾರೂಕ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿ, ಕನಿಷ್ಠ ಬೆಲೆ ಗೊತ್ತುಮಾಡಿತು. ಕಲ್ಕತ್ತೆಯಿಂದ ಬರುತ್ತಿದ್ದ ಮುಂಗಡ ನಿಂತಿದ್ದರಿಂದ ಅದರ ಜಾಗಕ್ಕೆ ಹಣ ಒದಗಿಸಲು 1949ರ ನವೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ ನ್ಯಾಷನಲ್ ಬ್ಯಾಂಕ್ ಆಫ್ ಪಾಕಿಸ್ತಾನ್ ಹುಟ್ಟುಹಾಕಿತು. ಇಂದು ಪಾಕಿಸ್ತಾನದ ದೊಡ್ಡ ಬ್ಯಾಂಕುಗಳಲ್ಲಿ ಒಂದಾದ ಅದರ ಮೊದಲ ಕಚೇರಿಗಳು ಪೂರ್ವ ಬಂಗಾಳದ ಸೆಣಬಿನ ಊರುಗಳಲ್ಲಿದ್ದವು. ಒಂದು ವಿನಿಮಯ ದರದ ತಕರಾರಿನಿಂದ ಹುಟ್ಟಿದ ಬ್ಯಾಂಕ್ ಇನ್ನೊಂದು ಇದ್ದರೆ ನನಗೆ ತಿಳಿಯದು. ಕಲ್ಕತ್ತೆಯ ಬಂದರಿನ ಹಂಗು ಬೇಡವೆಂದು ಚಿತ್ತಗಾಂಗಿನ ಮೇಲೆ ಭಾರ ಹೆಚ್ಚಿತು, 1950ರ ಡಿಸೆಂಬರಿನಲ್ಲಿ ಚಾಲ್ನಾದಲ್ಲಿ ಹೊಸ ಲಂಗರುದಾಣ ತೆರೆಯಿತು. ಈಗಿನ ಮೋಂಗ್ಲಾ ಬಂದರಿನ ಮೂಲ ಅದೇ.

ನಡುವೆ ಎರಡೂ ಕಡೆ ಹಟ ಬಿಗಿಯಾಯಿತು. ಭಾರತದ ವ್ಯಾಪಾರಿಗಳು ದುಡ್ಡು ಕೊಟ್ಟು ಕೊಂಡಿದ್ದ ಸೆಣಬಿನ ದೋಣಿಗಳನ್ನು ಪೂರ್ವ ಬಂಗಾಳದ ನದಿಗಳಲ್ಲಿ ತಡೆದು ನಿಲ್ಲಿಸಲಾಯಿತು. 1949ರ ಡಿಸೆಂಬರಿನಲ್ಲಿ ಭಾರತ ಕಲ್ಲಿದ್ದಲು ಕಳಿಸುವುದನ್ನು ನಿಲ್ಲಿಸಿತು. ಪಾಕಿಸ್ತಾನದ ರೈಲುಗಳು ಓಡುತ್ತಿದ್ದದ್ದೇ ಆ ಕಲ್ಲಿದ್ದಲಿನಿಂದ. 1950ರ ಮೊದಲ ತಿಂಗಳುಗಳಲ್ಲಿ ಎರಡೂ ಬಂಗಾಳಗಳಲ್ಲಿ ಗಲಭೆ, ಹತ್ಯೆ, ಲಕ್ಷಾಂತರ ನಿರಾಶ್ರಿತರು. ಏಪ್ರಿಲ್ 8ರ ನೆಹರು–ಲಿಯಾಖತ್ ಒಪ್ಪಂದ ಅಲ್ಪಸಂಖ್ಯಾತರ ರಕ್ಷಣೆಯ ಬಗ್ಗೆ. ಅದರ ಬೆನ್ನಿಗೇ ಒಂದು ಅಲ್ಪಾವಧಿಯ ವ್ಯಾಪಾರ ಒಪ್ಪಂದವೂ ಆಯಿತು. ದರದ ಮಾತೇ ಎತ್ತದೆ, ಸೆಣಬಿಗೆ ಪ್ರತಿಯಾಗಿ ಸರಕು ಎಂಬಂತೆ ಭಾರತೀಯ ರೂಪಾಯಿಯ ಲೆಕ್ಕದಲ್ಲಿ ವಹಿವಾಟು. ಎರಡೂ ಕಡೆಯವರ ಮಾನ ಉಳಿಯುವಂತೆ ಅಧಿಕಾರಿಗಳು ಹೆಣೆದ ಜಾಣ ಏರ್ಪಾಡು ಅದು.

ಸರ್ಕಾರಗಳು ಹೀಗೆ ಮುಖ ತಿರುಗಿಸಿಕೊಂಡಿದ್ದರೂ ನೂರಾರು ಮೈಲಿ ಉದ್ದದ ನದಿ, ಹಳ್ಳ, ಗದ್ದೆಗಳ ಗಡಿಯಲ್ಲಿ ಸೆಣಬು ರಾತ್ರಿ ಹೊತ್ತು ದಾಟುತ್ತಲೇ ಇತ್ತು. ಅಲ್ಲಿ ನಡೆದ ದರ 144ಕ್ಕೂ ಕೆಳಗೆ. ಆ ತಿಂಗಳುಗಳಲ್ಲಿ ರೂಪಾಯಿಗಳ ನಿಜವಾದ ಬೆಲೆ ಹೇಳುತ್ತಿದ್ದವರು ಆ ಕಳ್ಳಸಾಗಣೆದಾರರೇ. ಅವರ ದರ ಯಾವ ಪಟ್ಟಿಯಲ್ಲೂ ಇಲ್ಲ.

ಭಾರತಕ್ಕೆ ಇದರಿಂದ ಆದ ಒಂದು ಗಟ್ಟಿ ಪ್ರಯೋಜನವನ್ನು ಮರೆಯಬಾರದು. ಪಶ್ಚಿಮ ಬಂಗಾಳ, ಅಸ್ಸಾಂ, ಬಿಹಾರ, ಒರಿಸ್ಸಾಗಳಲ್ಲಿ ಸೆಣಬಿನ ಬೆಳೆ ಹರಡಿತು. 1950-51ರ ಹೊತ್ತಿಗೆ ಇಳುವರಿ 33 ಲಕ್ಷ ಬೇಲ್‌ಗಳಿಗೆ (ಒತ್ತಿ ಕಟ್ಟಿದ ಮೂಟೆಗಳಿಗೆ) ಮುಟ್ಟಿತು, ವಿಭಜನೆಯ ವರ್ಷದ್ದಕ್ಕೆ ಹೋಲಿಸಿದರೆ ದೊಡ್ಡ ಜಿಗಿತ. ಸೆಣಬಿನ ಜೊತೆ ಬೆರೆಸಲು ಮೆಸ್ತಾ ನಾರಿಗೂ ಬೇಡಿಕೆ ಬಂತು. ಉತ್ತರ ಕರ್ನಾಟಕದಲ್ಲಿ ಪಲ್ಯ ಮಾಡುವ ಪುಂಡಿಯ ಜಾತಿಯದೇ ಅದು. ಆದರೆ ಸೆಣಬು ಹೋದದ್ದು ಭತ್ತ ಬೆಳೆಯಬಹುದಾದ ಗದ್ದೆಗೆ, ಅದೂ ದೇಶ ಹೊರಗಿನಿಂದ ಧಾನ್ಯ ತರಿಸುತ್ತಿದ್ದ ಕಾಲದಲ್ಲಿ. ಆ ಬೆಲೆಯನ್ನು ಯಾರೂ 144ರ ಪಕ್ಕದಲ್ಲಿ ಬರೆದಿಟ್ಟಿಲ್ಲ.

ಕೊರಿಯಾ ತೀರ್ಮಾನಿಸಿತು

1950ರ ಜೂನ್ 25ಕ್ಕೆ ಕೊರಿಯಾದಲ್ಲಿ ಯುದ್ಧ ಶುರುವಾಯಿತು. ಸೈನ್ಯಗಳು ಕಚ್ಚಾ ಸಾಮಗ್ರಿಯನ್ನು ಬಾಚಿಕೊಳ್ಳತೊಡಗಿದವು. ಮರಳಿನ ಮೂಟೆಗೆ ಗೋಣಿ ಬೇಕು, ಸಮವಸ್ತ್ರಕ್ಕೆ ಹತ್ತಿ ಬೇಕು. ಪಾಕಿಸ್ತಾನದ ಬಳಿ ಇದ್ದದ್ದು ಅವೆರಡೇ. ಬೆಲೆ ಗಗನಕ್ಕೇರಿತು. ಮೊನ್ನೆಯವರೆಗೆ ಹಟಮಾರಿತನವೆನಿಸಿದ್ದು ಈಗ ದೂರದೃಷ್ಟಿಯಂತೆ ಕಂಡಿತು. ಕರಾಚಿಯವರಿಗೆ ಕೊರಿಯಾದ ಸುಳಿವೇನೂ ಇರಲಿಲ್ಲ, ಅದೃಷ್ಟ ಅಷ್ಟೇ.

ಹೂಗ್ಲಿಯ ಮಿಲ್ಲುಗಳಿಗೂ ಈಗ ಎಷ್ಟು ಸೆಣಬು ಸಿಕ್ಕಿದರೂ ಸಾಲದು, ಯಾವ ಬೆಲೆಗಾದರೂ ಬೇಕು. ಪಾಕಿಸ್ತಾನ 1950ರಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಸದಸ್ಯನಾಗಿತ್ತು. ಅದರ ದರವನ್ನು ಒಪ್ಪಬೇಕೋ ಬೇಡವೋ ಎಂಬುದನ್ನು ನಿಧಿ ಮುಂದೂಡುತ್ತಾ ಬಂದಿತ್ತು. ಕೊನೆಗೆ 1951ರ ಫೆಬ್ರವರಿಯಲ್ಲಿ ಕರಾಚಿಯಲ್ಲಿ ವ್ಯಾಪಾರ ಒಪ್ಪಂದವಾಯಿತು. ಭಾರತ 144ನ್ನು ಒಪ್ಪಿಕೊಂಡಿತು. ಮರುತಿಂಗಳು ಹಣಕಾಸು ನಿಧಿಯೂ ಒಪ್ಪಿತು. ಮಥಾಯಿ ಅಷ್ಟರಲ್ಲಿ ಸಂಪುಟ ಬಿಟ್ಟಿದ್ದರು. ಭಾರತದ ಹಣಕಾಸು ಮಂತ್ರಿಯಾಗಿ ಈ ದರಕ್ಕೆ ತಲೆಯಾಡಿಸಬೇಕಾಗಿ ಬಂದವರು ಸಿ. ಡಿ. ದೇಶಮುಖ್, ಪಾಕಿಸ್ತಾನದ ಮೊದಲ ನೋಟುಗಳ ಮೇಲೆ ಸಹಿ ಇದ್ದವರು.

ಹದಿನೇಳು ತಿಂಗಳ ಹಿಂದೆಯೇ ಒಪ್ಪಿದ್ದರೆ ಇದೇ ದರಕ್ಕೆ ಅಗ್ಗದ ಸೆಣಬು ಸಿಗುತ್ತಿತ್ತು. ಈಗ ಅದೇ ದರಕ್ಕೆ ದುಬಾರಿ ಸೆಣಬು. ಇದರಲ್ಲಿ ಗೆದ್ದದ್ದು ಯಾರು ಎಂದು ಕೇಳಿದರೆ, ಆ ತಿಂಗಳಿನ ಮಟ್ಟಿಗೆ ಪಾಕಿಸ್ತಾನ ಎನ್ನಬೇಕು.

ಗೆಲುವು ಹೆಚ್ಚು ಕಾಲ ನಿಲ್ಲಲಿಲ್ಲ. ಯುದ್ಧದ ಆತುರ ಇಳಿಯುತ್ತಿದ್ದಂತೆ 1952ರಲ್ಲಿ ಸೆಣಬು, ಹತ್ತಿ ಎರಡರ ಬೆಲೆಯೂ ಕುಸಿಯಿತು. ಅಷ್ಟರಲ್ಲಿ ಆಮದಿಗೆ ಬಾಗಿಲು ಹಾರುಹೊಡೆದು, ಗಟ್ಟಿ ರೂಪಾಯಿಯಲ್ಲಿ ಹೊರಗಿನ ಸರಕು ಧಾರಾಳವಾಗಿ ಬಂದಿತ್ತು. ವಿದೇಶಿ ವಿನಿಮಯದ ಗಂಟು ಕರಗಿತು. ಆಗಲೇ ದರ ಇಳಿಸಿದ್ದರೆ ಒಂದು ಬಗೆ. ಕರಾಚಿ ದರವನ್ನು ಹಾಗೆಯೇ ಇಟ್ಟುಕೊಂಡು ಆಮದಿಗೆ ಪರವಾನಗಿ ಪದ್ಧತಿ ಬಿಗಿಮಾಡಿತು. ಪರವಾನಗಿ ಸಿಕ್ಕಿದವನಿಗೆ ಅಗ್ಗದ ಡಾಲರಿನಲ್ಲಿ ಯಂತ್ರ, ಮಾರಲು ಸ್ಪರ್ಧೆಯಿಲ್ಲದ ಪೇಟೆ. ಅಂಥವರಲ್ಲಿ ಹೆಚ್ಚಿನವರು ಇದ್ದದ್ದು ಪಶ್ಚಿಮ ಪಾಕಿಸ್ತಾನದಲ್ಲಿ. ಡಾಲರ್ ಗಳಿಸಿಕೊಡುತ್ತಿದ್ದ ಸೆಣಬು ಬೆಳೆಯುತ್ತಿದ್ದದ್ದು ಪೂರ್ವದಲ್ಲಿ. ರೂಪಾಯಿ ದುಬಾರಿಯಾಗಿದ್ದಷ್ಟೂ ಅದೇ ಡಾಲರಿಗೆ ಮೈಮನ್‌ಸಿಂಗಿನ ರೈತನ ಕೈಗೆ ಬರುವ ರೂಪಾಯಿ ಕಡಿಮೆ. ನಮ್ಮ ಸೆಣಬಿನ ದುಡ್ಡಲ್ಲಿ ಕರಾಚಿ ಕಟ್ಟಿದರು ಎಂಬ ಬಂಗಾಳಿಗಳ ದೂರಿಗೆ ಆಮೇಲೆ ಅನೇಕ ಕಾರಣಗಳು ಸೇರಿಕೊಂಡವು. ಮೊದಲಿನವುಗಳಲ್ಲಿ ಈ ದರವೂ ಒಂದು. 1951ರಲ್ಲಿ ನಾರಾಯಣಗಂಜಿನಲ್ಲಿ ಎದ್ದುನಿಂತ ಆದಮ್‌ಜೀ ಸೆಣಬಿನ ಮಿಲ್ಲಿನ ಮಾಲೀಕರು ಕೂಡ ಬಂಗಾಳಿಗಳಾಗಿರಲಿಲ್ಲ.

1955ರ ಜುಲೈ ಕೊನೆಯಲ್ಲಿ ಪಾಕಿಸ್ತಾನ ತನ್ನ ರೂಪಾಯಿಯನ್ನು 21 ಸೆಂಟಿಗೆ ಇಳಿಸಿತು. ಡಾಲರಿಗೆ 4.76, ಭಾರತದ್ದಕ್ಕೆ ಸರಿಸಮ. ಆರು ವರ್ಷದ ಕೆಳಗೆ ಒಂದೇ ದಿನದಲ್ಲಿ ಆಗಬಹುದಾಗಿದ್ದದ್ದು.

ಪಟ್ಟಿಯ ಮುಂದಿನ ಸಾಲುಗಳು

1966ರ ಜೂನ್ 6ರಂದು ಇದೇ ಕಥೆ ಇನ್ನೊಮ್ಮೆ. ಭಾರತ ತನ್ನ ರೂಪಾಯಿಯ ಬೆಲೆಯನ್ನು ಡಾಲರಿಗೆ 4.76 ಇದ್ದದ್ದರಿಂದ 7.50ಕ್ಕೆ ಇಳಿಸಿತು, ಪಾಕಿಸ್ತಾನ ಅಲ್ಲೇ ನಿಂತಿತು. ಪಟ್ಟಿಯಲ್ಲಿ 100ಕ್ಕೆ 157 ಚಿಲ್ಲರೆ ಎಂದು ಬರೆಯುತ್ತಾರೆ. ಈ ಸಲ ಜಗಳವೇ ಆಗಲಿಲ್ಲ, ಏಕೆಂದರೆ 1965ರ ಯುದ್ಧದ ನಂತರ ಜಗಳವಾಡಲು ವ್ಯಾಪಾರವೇ ಉಳಿದಿರಲಿಲ್ಲ. ಆ 157 ಕೂಡ ಡಾಲರಿನ ಮೂಲಕ ಭಾಗಿಸಿ ತೆಗೆದ ಅಂಕಿ. ಬಾಂಗ್ಲಾದೇಶ ಬೇರೆಯಾದ ಮೇಲೆ 1972ರ ಮೇ ತಿಂಗಳಲ್ಲಿ ಪಾಕಿಸ್ತಾನ ಡಾಲರಿಗೆ 11 ರೂಪಾಯಿ ಮಾಡಿತು. ಅಲ್ಲಿಂದ ತಕ್ಕಡಿ ತಿರುಗಿತು. ಈಚಿನ ವರ್ಷಗಳಲ್ಲಿ ಒಂದು ಭಾರತೀಯ ರೂಪಾಯಿಗೆ ಮೂರಕ್ಕೂ ಹೆಚ್ಚು ಪಾಕಿಸ್ತಾನಿ ರೂಪಾಯಿ.

ಈ ಪ್ರಕರಣದಲ್ಲಿ ಇನ್ನೂ ಮುಗಿಯದೆ ಉಳಿದ ಒಂದು ಬಾಕಿಯಿದೆ. ವಿಭಜನೆಯ ಹೊತ್ತಿನಲ್ಲಿ ಅವಿಭಜಿತ ಭಾರತದ ಸಾಲವನ್ನೆಲ್ಲ ಭಾರತ ವಹಿಸಿಕೊಂಡು, ಪಾಕಿಸ್ತಾನ ತನ್ನ ಪಾಲನ್ನು 1952ರಿಂದ ಕಂತುಗಳಲ್ಲಿ ಭಾರತೀಯ ರೂಪಾಯಿಯಲ್ಲಿ ತೀರಿಸಬೇಕೆಂದು ಮಾತಾಗಿತ್ತು. ಕೇಂದ್ರ ಬಜೆಟ್ಟಿನ ದಾಖಲೆಗಳಲ್ಲಿ ಪಾಕಿಸ್ತಾನದಿಂದ ಬರಬೇಕಾದದ್ದು ಎಂದು 300 ಕೋಟಿ ರೂಪಾಯಿ ದಶಕಗಳ ಕಾಲ ಬರೆಯುತ್ತಲೇ ಬಂದಿದ್ದಾರೆ. 144ರ ದರ ಇದ್ದಾಗ ಅದನ್ನು ತೀರಿಸಲು ಕರಾಚಿಗೆ ಸುಮಾರು 208 ಕೋಟಿ ಸಾಕಾಗುತ್ತಿತ್ತು. 1955ರ ಆಗಸ್ಟಿನಿಂದ ಪೂರ್ತಿ 300 ಕೋಟಿ. ಈಗಿನ ದರದಲ್ಲಿ 900 ಕೋಟಿ ದಾಟುತ್ತದೆ.